ಏಳನೇ ಅಧ್ಯಾಯ ಯಾರದ್ದು

ಮಹಾಬಲ ಕಳ್ಳ. ಒಡವೆ, ಸ್ಕೂಟರ್ ಕದಿಯುವವನಲ್ಲ. ಅಷ್ಟು ಧೈರ್ಯ ಅವನಿಗಿಲ್ಲ. ಅವನು ಕದಿಯುವುದು ವಾಕ್ಯಗಳನ್ನು. ಈ ಮಾತನ್ನು ನಾನು ಕೋಪದಲ್ಲಿ ಹೇಳುತ್ತಿಲ್ಲ. ಮೂವತ್ತನಾಲ್ಕು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವಳು ನಾನು. ನಿವೃತ್ತಿಯಾದ ಮೇಲೆ ವಿಶ್ವವಿದ್ಯಾಲಯದವರು ಪಿಎಚ್.ಡಿ. ಪ್ರಬಂಧಗಳಲ್ಲಿ ಕದ್ದ ಮಾಲು ಹುಡುಕುವ ಕೆಲಸಕ್ಕೆ ನನ್ನನ್ನು ಇಟ್ಟುಕೊಂಡಿದ್ದಾರೆ. ನನ್ನ ಸಹಿ ಇಲ್ಲದೆ ಮ್ಯಾನೇಜ್‌ಮೆಂಟ್ ವಿಭಾಗದ ಯಾವ ಪ್ರಬಂಧವೂ ಪರೀಕ್ಷಕರ ಕೈಗೆ ಹೋಗುವುದಿಲ್ಲ. ಹನ್ನೊಂದು ವರ್ಷದಲ್ಲಿ ಇನ್ನೂರು ಕಳ್ಳರನ್ನಾದರೂ ನೋಡಿದ್ದೇನೆ. ಅವರಲ್ಲಿ ಕೆಲವರು ಅತ್ತಿದ್ದಾರೆ, ಕೆಲವರು ಜಗಳ ಮಾಡಿದ್ದಾರೆ, ಒಬ್ಬ ನನ್ನ ಮೇಲೆ ದೂರು ಕೊಟ್ಟಿದ್ದಾನೆ. ಮಹಾಬಲನಷ್ಟು ನೆಮ್ಮದಿಯಿಂದ ಕದ್ದವನನ್ನು ನಾನು ಕಂಡಿಲ್ಲ.

ಅವನಿಗೆ ನಲವತ್ತೊಂದು ವರ್ಷ. ಕೇರಳದ ಆಲುವದಿಂದ ಸ್ವಲ್ಪ ಆಚೆ ಇರುವ ಖಾಸಗಿ ಕಾಲೇಜೊಂದರಲ್ಲಿ ಎಂಬಿಎ ವಿದ್ಯಾರ್ಥಿಗಳಿಗೆ ನಾಯಕತ್ವ ಕಲಿಸುತ್ತಾನೆ. ನಾಯಕತ್ವದ ಬಗ್ಗೆ ಸಂಶೋಧನೆ ಮಾಡುವವರಲ್ಲಿ ಮುಕ್ಕಾಲು ಪಾಲು ಜನರಿಗೆ ಮನೆಯಲ್ಲಿ ಫ್ಯಾನಿನ ವೇಗ ಹೆಚ್ಚಿಸುವ ಅಧಿಕಾರವೂ ಇರುವುದಿಲ್ಲ ಎಂಬುದು ನನ್ನ ಬಹುಕಾಲದ ಅವಲೋಕನ. ಮಹಾಬಲ ಅದಕ್ಕೆ ಅಪವಾದವಲ್ಲ. ಹೆಂಡತಿ ಸೌದಾಮಿನಿ ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದಾಳೆ. ಕಳಕ್ಕೂಟಂನಲ್ಲಿ ಫ್ಲ್ಯಾಟು. ಮಹಾಬಲ ಶುಕ್ರವಾರ ಸಂಜೆ ರೈಲು ಹತ್ತಿ ಅಲ್ಲಿಗೆ ಹೋಗುತ್ತಾನೆ, ಸೋಮವಾರ ಬೆಳಿಗ್ಗೆ ವಾಪಸಾಗುತ್ತಾನೆ. ಎಂಟು ವರ್ಷದಿಂದ ಹೀಗೆ. ಎಂಟು ವರ್ಷದಿಂದಲೇ ಅವನ ಪಿಎಚ್.ಡಿ.ಯೂ ನಡೆಯುತ್ತಿದೆ. ವಿಷಯ: ಮಧ್ಯಮ ಗಾತ್ರದ ಕಂಪನಿಗಳಲ್ಲಿ ನಾಯಕತ್ವದ ಶೈಲಿ ಮತ್ತು ತಾಂತ್ರಿಕ ನಾವೀನ್ಯ.

ಕದಿಯುವುದನ್ನು ಅವನು ಎಲ್ಲಿ ಕಲಿತ ಎಂದು ನಾನು ಯೋಚಿಸಿದ್ದುಂಟು. ಅವನ ತಂದೆ ಕಾಸರಗೋಡಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಕೂತು ದಸ್ತಾವೇಜು ಬರೆಯುತ್ತಿದ್ದವರು. ಆ ವೃತ್ತಿಯಲ್ಲಿ ಸ್ವಂತ ವಾಕ್ಯ ಬರೆಯುವವನು ಅಪಾಯಕಾರಿ. ಐವತ್ತು ವರ್ಷ ಕೋರ್ಟಿನಲ್ಲಿ ಯಾರೂ ಅಲ್ಲಾಡಿಸದ ವಾಕ್ಯವನ್ನು ಹಾಗೇ ಇಳಿಸಿದರೆ ಕ್ರಯಪತ್ರ ಗಟ್ಟಿ; ಹೊಸದಾಗಿ ಏನಾದರೂ ಸೇರಿಸಿದರೆ ಅಣ್ಣತಮ್ಮಂದಿರು ಅದನ್ನೇ ಹಿಡಿದು ಇಪ್ಪತ್ತು ವರ್ಷ ವ್ಯಾಜ್ಯ ಮಾಡುತ್ತಾರೆ. ಮಹಾಬಲ ರಜೆಯಲ್ಲಿ ತಂದೆಯ ಪಕ್ಕ ಕೂತು ಹಳೆಯ ಪತ್ರ ನೋಡಿ ಹೊಸ ಪತ್ರ ಬರೆದುಕೊಡುತ್ತಿದ್ದ. ಒಂದು ವಾಕ್ಯವನ್ನು ಹೆಚ್ಚು ಜನ ಬಳಸಿದಷ್ಟೂ ಅದು ಹೆಚ್ಚು ನಿಜವಾಗುತ್ತದೆ ಎಂಬ ನಂಬಿಕೆಯೊಂದಿಗೆ ಅವನು ವಿಶ್ವವಿದ್ಯಾಲಯಕ್ಕೆ ಬಂದ.

ಮೊದಲ ಕರಡು ನನ್ನ ಬಳಿ ಬಂದಾಗ ತಪಾಸಣೆಯ ತಂತ್ರಾಂಶ ಶೇಕಡಾ ಅರವತ್ತೊಂದು ಕದ್ದದ್ದು ಎಂದಿತು. ಎರ್ನಾಕುಲಂನ ನನ್ನ ಮನೆಗೆ ಅವನನ್ನು ಕರೆಸಿದೆ.

"ಏನಯ್ಯಾ ಇದು? ನೂರರಲ್ಲಿ ಅರವತ್ತೊಂದು ಮಾತು ಬೇರೆಯವರದು."

"ಹೌದು ಟೀಚರೇ. ಎಲ್ಲ ದೊಡ್ಡ ದೊಡ್ಡವರದ್ದೇ ತಗೊಂಡದ್ದು. ಸಣ್ಣಪುಟ್ಟವರದ್ದು ಒಂದೂ ಇಲ್ಲ."

"ಉಳಿದ ಮೂವತ್ತೊಂಬತ್ತು?"

"ಅದು ಸ್ವಲ್ಪ ವೀಕ್ ಉಂಟು. ಅದು ನಾನೇ ಬರೆದದ್ದು."

ಇದನ್ನು ಅವನು ತಮಾಷೆಗೆ ಹೇಳಲಿಲ್ಲ. ಕೇರಳದಲ್ಲಿ ಕಲಿಸುವ ಹೆಂಗಸರನ್ನೆಲ್ಲ ಟೀಚರ್ ಎನ್ನುವುದು ರೂಢಿ. ಮಹಾಬಲ ಆ ಶಬ್ದವನ್ನು ಎಷ್ಟು ವಿನಯದಿಂದ ಹೇಳುತ್ತಾನೆಂದರೆ ಬೈಯಲು ತೆರೆದ ಬಾಯಿ ಅರ್ಧದಲ್ಲೇ ನಿಲ್ಲುತ್ತದೆ. ನಾನು ನಿಲ್ಲಿಸಲಿಲ್ಲ. ಒಂದು ಗಂಟೆ ಬೈದೆ.

ಎರಡನೆಯ ಕರಡಿನಲ್ಲಿ ಅದೇ ವಾಕ್ಯಗಳಿದ್ದವು, ವೇಷ ಬದಲಿಸಿಕೊಂಡು. ನಿಘಂಟು ತೆರೆದಿಟ್ಟುಕೊಂಡು ಒಂದೊಂದು ಶಬ್ದಕ್ಕೂ ಬದಲಿ ಹಾಕಿದ್ದ. ನಾಯಕರು ಇದ್ದಲ್ಲಿ ಯಜಮಾನರು ಬಂದಿದ್ದರು. ಕಂಪನಿಯ ಮಾನವ ಸಂಪನ್ಮೂಲ ಮನುಷ್ಯರ ಆಸ್ತಿಯಾಗಿತ್ತು. ಮೂರನೆಯದನ್ನು ಕೃತಕ ಬುದ್ಧಿಮತ್ತೆಯ ಕೈಯಲ್ಲಿ ಬರೆಸಿದ್ದ. ಅದರಲ್ಲಿ ಕದ್ದದ್ದು ಬರೀ ಶೇಕಡಾ ನಾಲ್ಕು. ಆದರೆ ಹೆಸರಿಸಿದ ಆಧಾರಗಳಲ್ಲಿ ಹನ್ನೊಂದು ಲೇಖನಗಳು ಜಗತ್ತಿನಲ್ಲೇ ಇರಲಿಲ್ಲ. ಅವುಗಳಲ್ಲೊಂದು ನಾನು ಸಾವಿರದ ಒಂಬೈನೂರ ಎಂಬತ್ತೇಳರಲ್ಲಿ ಬರೆದದ್ದಂತೆ. ಅದರಿಂದ ಎತ್ತಿದ ಮೂರು ಸಾಲನ್ನು ಎರಡು ಸಲ ಓದಿದೆ. ಚೆನ್ನಾಗಿತ್ತು. ನಾನು ಅಂದು ಹಾಗೆ ಬರೆದಿದ್ದರೆ ಬಡ್ತಿ ಬೇಗ ಸಿಗುತ್ತಿತ್ತು.

ಅಷ್ಟರಲ್ಲಿ ಅವನ ನೋಂದಣಿಯನ್ನು ಎರಡು ಸಲ ವಿಸ್ತರಿಸಿ ಆಗಿತ್ತು. ಸೆಪ್ಟೆಂಬರ್ ಹದಿನೈದು ಕೊನೆಯ ದಿನ. ಆ ಸಂಜೆ ಐದರೊಳಗೆ ಪ್ರಬಂಧ ಕಚೇರಿ ತಲುಪದಿದ್ದರೆ ಎಂಟು ವರ್ಷ ಹೋದಂತೆ. ಕಾಲೇಜಿನ ಆಡಳಿತದವರು, ಪಿಎಚ್.ಡಿ. ಇಲ್ಲದವರನ್ನು ಮುಂದಿನ ವರ್ಷ ಮುಂದುವರಿಸುವುದಿಲ್ಲ ಎಂದು ನೋಟೀಸ್ ಹಚ್ಚಿದ್ದರು. ನಲವತ್ತೊಂದರಲ್ಲಿ ಕೆಲಸ ಕಳೆದುಕೊಂಡ ನಾಯಕತ್ವದ ಮೇಷ್ಟರನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಇದು ಅವನಿಗೂ ಗೊತ್ತಿತ್ತು.

ಮಾರ್ಗದರ್ಶಕರು ಮಾಡಬೇಕಾದ ಕೆಲಸವನ್ನು ನಾನೇ ಮಾಡಿದೆ: ಪುಸ್ತಕಗಳನ್ನೆಲ್ಲ ಮುಚ್ಚಿಸಿದೆ. "ಇಪ್ಪತ್ತನಾಲ್ಕು ಕಂಪನಿಗಳಿಗೆ ಹೋಗು. ಹೊಸ ಯಂತ್ರವೋ ಹೊಸ ತಂತ್ರಾಂಶವೋ ತಂದ ಕಂಪನಿಗಳು. ಅಲ್ಲಿ ಏನಾಯಿತು ಅಂತ ಕೇಳಿಕೊಂಡು ಬಾ" ಎಂದೆ.

ಅವನು ಹೋದ. ಕೈಯಲ್ಲಿ ಪ್ರಶ್ನಾವಳಿ. 'ನನ್ನ ನಾಯಕ ನನಗೆ ಸ್ಫೂರ್ತಿ ನೀಡುತ್ತಾರೆ' ಎಂಬಂಥ ನಲವತ್ತು ಹೇಳಿಕೆಗಳು. ಒಂದರಿಂದ ಐದರವರೆಗೆ ಗುರುತು ಹಾಕಬೇಕು. ಎರ್ನಾಕುಲಂ ಬದಿಯ ಕಾರ್ಖಾನೆಯೊಂದರಲ್ಲಿ ಯೂನಿಯನ್ನಿನವರು ಊಟದ ಬಿಡುವಿನಲ್ಲಿ ಸಭೆ ಸೇರಿ, ಎಲ್ಲರೂ ಎರಡಕ್ಕೇ ಗುರುತು ಹಾಕತಕ್ಕದ್ದು ಎಂದು ಠರಾವು ಮಾಡಿದರು. ಕಳಕ್ಕೂಟಂನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಸಿಬ್ಬಂದಿ ವಿಭಾಗದ ಹುಡುಗಿ ತೊಂಬತ್ತು ಹಾಳೆಗಳನ್ನು ಒಂದೇ ಪೆನ್ನಿನಲ್ಲಿ ತುಂಬಿಸಿಟ್ಟು, "ಸಾರ್, ಸ್ಟಾಫಿಗೆ ತೊಂದರೆ ಬೇಡ ಅಂತ ನಾವೇ ಮಾಡಿಕೊಟ್ಟಿದ್ದೇವೆ" ಎಂದಳು. ಎಲ್ಲ ಐದು. ನಾನು ಎರಡು ಕಟ್ಟನ್ನೂ ರದ್ದಿಗೆ ಹಾಕಲು ಹೇಳಿದೆ.

ಮೇ ತಿಂಗಳಲ್ಲಿ ಒಂದು ಭಾನುವಾರ ತಿರುವನಂತಪುರಕ್ಕೆ ಹೋಗಿದ್ದವಳು ಅವರ ಫ್ಲ್ಯಾಟಿಗೂ ಹೋದೆ. ಸೌದಾಮಿನಿ ಬಾಗಿಲು ತೆಗೆದವಳು ನಮಸ್ಕಾರ ಮಾಡಿ ನೇರ ವಿಷಯಕ್ಕೆ ಬಂದಳು. "ಇವರದ್ದು ಮುಗೀತದಾ ಟೀಚರ್, ಇಲ್ವಾ? ಇಲ್ಲಾಂದ್ರೆ ಈಗಲೇ ಹೇಳಿಬಿಡಿ. ನಮ್ಮ ಆಫೀಸಿನ ಕ್ಯಾಂಟೀನಿಗೆ ಜನ ಬೇಕಂತೆ."

"ನೀನು ಸುಮ್ನಿರು ಮಾರಾಯ್ತಿ," ಎಂದ ಮಹಾಬಲ ಅಡುಗೆಮನೆಯಿಂದ. ದೋಸೆ ಹುಯ್ಯುತ್ತಿದ್ದ.

"ಸುಮ್ನೆ ಇದ್ದೇ ಎಂಟು ವರ್ಷ ಆಯ್ತಲ್ಲ. ಕೆಲಸ ಹೋದ್ರೆ ಇಲ್ಲಿಗೇ ಬಂದು ಕೂರ್ತೀರಿ. ಆಮೇಲೆ ನನಗೆ ದಿನಾ ನಾಯಕತ್ವದ ಪಾಠ. ಅದು ನನ್ನಿಂದ ಸಾಧ್ಯ ಉಂಟಾ?"

ಹತ್ತು ವರ್ಷದ ಮಗಳು ಶ್ರಾವ್ಯ ಮೊಬೈಲಿನಿಂದ ತಲೆಯೆತ್ತದೆ ಮಲಯಾಳಂನಲ್ಲಿ, ಅಪ್ಪ ಮನೆಗೆ ಬಂದರೆ ದಿನಾ ದೋಸೆ ಸಿಗುತ್ತದೆ, ಬರಲಿ ಎಂದಳು. ಮನೆಯಲ್ಲಿ ಅವನ ಪರವಾಗಿ ಬಿದ್ದ ಒಂದೇ ಮತ ಅದು. ದೋಸೆ ನಿಜಕ್ಕೂ ಚೆನ್ನಾಗಿತ್ತು.

ಜುಲೈಯಲ್ಲಿ ಏಳನೇ ಅಧ್ಯಾಯ ಬಂತು. ತಂತ್ರಾಂಶ ಸೊನ್ನೆ ಎಂದಿತು. ನನಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಹಾಕಿದೆ. ಮತ್ತೆ ಸೊನ್ನೆ.

ಅಧ್ಯಾಯದ ಸಾರ ಇಷ್ಟು. ಕಂಪನಿಗೆ ಹೊಸ ತಂತ್ರಜ್ಞಾನ ಬಂದಾಗ ಅದು ಊರ್ಜಿತವಾಗುವುದೋ ಮೂಲೆ ಸೇರುವುದೋ ಎಂಬುದು ಮೇಲಿನವರ ನಾಯಕತ್ವದ ಶೈಲಿಯಿಂದ ತೀರ್ಮಾನವಾಗುವುದಿಲ್ಲ; ಮೊದಲ ವಾರ ಅದು ಯಾರ ಕೈಯಲ್ಲಿತ್ತು ಎಂಬುದರಿಂದ ಆಗುತ್ತದೆ. ಅದನ್ನು ಹೊಗಳುವವರ ಕೈಗೆ ಕೊಟ್ಟರೆ ಅವರು ಅದರ ದೋಷಗಳನ್ನು ಮುಚ್ಚುತ್ತಾರೆ. ಬೈಯುವವರ ಕೈಗೆ ಕೊಟ್ಟರೆ ದೋಷಗಳು ಏಳು ದಿನದಲ್ಲಿ ಹೊರಬಿದ್ದು ರಿಪೇರಿಯಾಗುತ್ತವೆ. ಹೊಸತು ಊರ್ಜಿತವಾಗಿದ್ದ ಹನ್ನೊಂದು ಕಂಪನಿಗಳಲ್ಲಿ ಒಂಬತ್ತು ಕಡೆ ಮೊದಲ ವಾರ ಅದು ಗೊಣಗುವವರ ಕೈಯಲ್ಲಿತ್ತು. ಮೂಲೆ ಸೇರಿದ್ದ ಹದಿಮೂರರಲ್ಲಿ ಅಂಥವರ ಕೈಗೆ ಹೋದದ್ದು ಎರಡೇ ಕಡೆ. ಕೋಷ್ಟಕವನ್ನು ನಾನೇ ಪೆನ್ಸಿಲ್ ಹಿಡಿದು ಪರೀಕ್ಷಿಸಿದೆ. ಸರಿಯಿತ್ತು. ಅಧ್ಯಾಯದ ಮೊದಲ ವಾಕ್ಯ: 'ಈ ಸಂಶೋಧಕನಿಗೆ ಹೊಳೆದ ಒಂದು ವಿಚಾರ ಹೀಗಿದೆ.'

ಮಹಾಬಲನಿಗೆ ವಿಚಾರ ಹೊಳೆಯುವುದು ಸಾಧ್ಯವಿಲ್ಲ. ಒಂದು ವಾರ ಗ್ರಂಥಾಲಯದ ಎಲ್ಲ ಸಂಚಿಕೆಗಳಲ್ಲಿ ಹುಡುಕಿದೆ. ಸಿಗಲಿಲ್ಲ. ಕೊನೆಗೆ ಅವನನ್ನೇ ಕರೆಸಿದೆ.

"ಇದನ್ನ ಎಲ್ಲಿಂದ ಎತ್ತಿದೆ?"

"ಎಲ್ಲಿಂದಲೂ ಇಲ್ಲ ಟೀಚರೇ. ಯಾವ ಪುಸ್ತಕದಲ್ಲೂ ಇಲ್ಲ."

"ಪುಸ್ತಕದಲ್ಲಿಲ್ಲ ಅಂತ ನನಗೂ ಗೊತ್ತು. ಯಾರ ಬಾಯಿಂದ ಎತ್ತಿದೆ ಅಂತ ಕೇಳಿದ್ದು."

ಅವನು ಕಾಫಿ ಲೋಟವನ್ನು ಕೆಳಗಿಟ್ಟ. "ವಿಜಯಾ ಅಂತ ಒಬ್ಬರು. ಕಾಳುಮೆಣಸಿನ ಫ್ಯಾಕ್ಟರಿಯವರು. ಅವರು ನನ್ನ ಪೇಪರಿಗೆ ಟಿಕ್ ಹಾಕ್ಲಿಕ್ಕೆ ಒಪ್ಪಲಿಲ್ಲ. ಬಾಯಲ್ಲಿ ಹೇಳಿದ್ರು. ನಾನು ಉಳಿದ ಇಪ್ಪತ್ಮೂರು ಕಡೆ ಹೋಗಿ ಕೇಳಿದೆ, ಅಷ್ಟೇ."

ಕಳ್ಳ ಒಪ್ಪಿಕೊಂಡ ಮಾತನ್ನೂ ಪರೀಕ್ಷಿಸುವುದು ನನ್ನ ಕ್ರಮ. ಇಲ್ಲದ ಲೇಖನ ಸೃಷ್ಟಿಸಿದವನು ಇಲ್ಲದ ಹೆಂಗಸನ್ನೂ ಸೃಷ್ಟಿಸಬಲ್ಲ. ಮರುದಿನವೇ ಮೆಟ್ರೋ ಹತ್ತಿ ಆಲುವಕ್ಕೆ ಹೋದೆ. ಮಹಾಬಲ ಸ್ಟೇಷನ್ನಿನಿಂದ ಆಟೋದಲ್ಲಿ ಫ್ಯಾಕ್ಟರಿಗೆ ಕರೆದೊಯ್ದ.

ವಿಜಯಾ ಇದ್ದಳು. ಐವತ್ತು ದಾಟಿದ ಸಣ್ಣ ಹೆಂಗಸು, ತಲೆಗೆ ಬಲೆಯ ಟೊಪ್ಪಿ, ಮೈಯೆಲ್ಲ ಮೆಣಸಿನ ಘಾಟು. ಕ್ಯಾಂಟೀನಿನಲ್ಲಿ ಚಾಯ, ಪರಿಪ್ಪುವಡೆ ತರಿಸಿಕೊಂಡು ಎದುರು ಕೂತಳು. ಮಾತೆಲ್ಲ ಮಲಯಾಳಂನಲ್ಲಿ ನಡೆಯಿತು.

"ಇವರು ಪೊಲೀಸಾ ಸಾರೇ?" ಎಂದು ನನ್ನನ್ನು ತೋರಿಸಿ ಮಹಾಬಲನನ್ನು ಕೇಳಿದಳು.

"ಅದಕ್ಕಿಂತ ಜೋರು," ಎಂದ ಅವನು.

"ಈ ಸಾರ್‌ಗೆ ನೀವು ಏನು ಹೇಳಿದಿರಿ? ನನಗೂ ಹೇಳಿ," ಎಂದೆ.

"ಎಂಥದು ಹೇಳುವುದು ಟೀಚರೇ? ಬಣ್ಣ ನೋಡಿ ಕಾಳು ವಿಂಗಡಿಸುವ ಕ್ಯಾಮೆರಾ ಮಿಷನ್ ಬಂತು, ಹೊರದೇಶದ್ದು. ಮಾಲೆ ಹಾಕಿದರು, ತೆಂಗಿನಕಾಯಿ ಒಡೆದರು. ಒಬ್ಬ ಎಂಜಿನಿಯರ್ ಹುಡುಗನಿಗೆ ಕೊಟ್ಟರು. ಅವನಿಗೆ ಅದರ ಮೇಲೆ ಪ್ರೇಮ. ಮಿಷನ್ ಒಳ್ಳೇ ಕಾಳನ್ನು ಎಸೆದರೂ ಅವನು, ಕಾಳಿನದ್ದೇ ತಪ್ಪು ಅನ್ನುತ್ತಿದ್ದ. ಮೂರು ತಿಂಗಳು ಹಾಗೇ. ಅವನು ರಜೆ ಹಾಕಿದಾಗ ನನ್ನನ್ನು ನಿಲ್ಲಿಸಿದರು. ನನಗೆ ಆ ಮಿಷನ್ ಕಂಡರೇ ಆಗುತ್ತಿರಲಿಲ್ಲ. ನನ್ನ ಜೊತೆಯ ಆರು ಜನರ ಕೆಲಸ ತಿಂದದ್ದು ಅದು. ವಾರವಿಡೀ ಬೈದೆ. ಹದಿನಾಲ್ಕು ತಪ್ಪು ಬರೆದುಕೊಟ್ಟೆ. ಮಿಷನ್ ಕಂಪನಿಯವರು ಬಂದು ಹದಿನಾಲ್ಕೂ ಸರಿಮಾಡಿದರು. ಈಗ ಅದು ನನಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಹಾಳಾದ್ದು."

"ಬೈಯುವವರ ಕೈಗೆ ಮೊದಲು ಕೊಡಬೇಕು ಅಂದದ್ದು ನೀವೇ?"

"ನಾನೇ. ಮೂವರು ಮ್ಯಾನೇಜರಿಗೂ ಹೇಳಿದ್ದೇನೆ. ಮೂವರೂ ಮೀಟಿಂಗಿನಲ್ಲಿ ತಮ್ಮದೆಂದು ಹೇಳಿದರು. ಒಬ್ಬರಿಗೆ ಹೊಸ ವಿಚಾರಕ್ಕೆ ಅಂತ ಫಲಕ ಸಿಕ್ಕಿತು, ಗಾಜಿನದ್ದು. ಅದು ಅವರ ಮೇಜಿನ ಮೇಲೆ ಉಂಟು, ನಾನೇ ಧೂಳು ಒರೆಸಿದ್ದೇನೆ." ವಡೆ ಮುರಿದು ಅರ್ಧವನ್ನು ಮಹಾಬಲನ ಕಡೆ ಸರಿಸಿದಳು. "ಈ ಸಾರ್ ಪುಸ್ತಕದಲ್ಲಿ ಹಾಕುತ್ತಾರಂತೆ. ಹಾಕಲಿ. ನಾಲ್ಕನೆಯವರು."

ನಗುತ್ತಲೇ ಹೇಳಿದಳು. ಮಹಾಬಲನೂ ನಕ್ಕ. ವಡೆ ತಿಂದ. ಅವನು ಯಾರು ಏನು ಕೊಟ್ಟರೂ ತಿನ್ನುತ್ತಾನೆ. ಜನ ಅವನ ಎದುರು ಬಾಯಿ ಬಿಡುವುದಕ್ಕೆ ಅದೂ ಒಂದು ಕಾರಣವಿರಬೇಕು.

ವಾಪಸಾಗುವಾಗ ಆಟೋದಲ್ಲಿ ನಾನು ನಿಯಮ ವಿವರಿಸಿದೆ. ಸಂಶೋಧನೆಯಲ್ಲಿ ಉತ್ತರ ಕೊಟ್ಟವರ ಹೆಸರು ಹಾಕುವ ಪದ್ಧತಿ ಇಲ್ಲ. ಅವರ ಹಿತಕ್ಕಾಗಿಯೇ ಹೆಸರು ಮುಚ್ಚಿಡಬೇಕು, ಸಂಖ್ಯೆ ಕೊಡಬೇಕು. ಅವನ ಪಟ್ಟಿಯಲ್ಲಿ ವಿಜಯಾಳ ಸಂಖ್ಯೆ ಹದಿನೇಳು. "'ಈ ಸಂಶೋಧಕನಿಗೆ ಹೊಳೆದ' ಅನ್ನೋದನ್ನ ತೆಗಿ. 'ಉತ್ತರದಾತೆ ಹದಿನೇಳು ಸೂಚಿಸಿದಂತೆ' ಅಂತ ಹಾಕು. ನಿಯಮದ ಪ್ರಕಾರ ಅಷ್ಟು ಸಾಕು."

"ಸರಿ ಟೀಚರೇ," ಎಂದ.

ಅವನು ಯಾವ ಮಾತಿಗೂ ಸರಿ ಎನ್ನದೆ ಬಿಟ್ಟದ್ದನ್ನು ನಾನು ಕಂಡಿಲ್ಲ. ಎರಡು ವಾರದಲ್ಲಿ ತಿದ್ದಿ ತಂದ. ನಾನು ಹೇಳಿದಂತೆಯೇ ಇತ್ತು. ಒಂದು ವಾಕ್ಯದ ನಡುವೆ, ಎರಡು ಅಲ್ಪವಿರಾಮಗಳ ಮಧ್ಯೆ ಉತ್ತರದಾತೆ ಹದಿನೇಳು ಸಣ್ಣದಾಗಿ ಕೂತಿದ್ದಳು. ಹುಡುಕಿದರೆ ಮಾತ್ರ ಸಿಗುವಂತೆ. ಉಳಿದ ಅಧ್ಯಾಯಗಳಲ್ಲಿ ಕದ್ದದ್ದು ಒಂಬತ್ತಕ್ಕೆ ಇಳಿದಿತ್ತು. ಹತ್ತರವರೆಗೆ ಕದಿಯಲು ವಿಶ್ವವಿದ್ಯಾಲಯವೇ ಅನುಮತಿ ಕೊಡುತ್ತದೆ. ನಾನು ಸಹಿ ಮಾಡಲು ಒಪ್ಪಿದೆ.

ವಿಶ್ವವಿದ್ಯಾಲಯದ ಕಚೇರಿ ಇರುವುದು ತಿರುವನಂತಪುರದಲ್ಲಿ. ಸೆಪ್ಟೆಂಬರ್ ಹದಿನೈದರ ಬೆಳಗಿನ ರೈಲನ್ನು ಅವನು ಆಲುವದಲ್ಲಿ ಹತ್ತಿದ, ನಾನು ಎರ್ನಾಕುಲಂನಲ್ಲಿ. ಕೊನೆಯ ದಿನದವರೆಗೆ ಕಾದದ್ದು ಬೈಂಡಿಂಗಿನವನ ದಯೆ. ಐದು ಪ್ರತಿಗಳು ಜವಳಿ ಅಂಗಡಿಯ ದೊಡ್ಡ ಚೀಲವೊಂದರಲ್ಲಿ ಅವನ ಕಾಲ ಬಳಿ ಇದ್ದವು. ದಾರಿಯಲ್ಲಿ ಸೌದಾಮಿನಿ ನಾಲ್ಕು ಸಲ ಫೋನ್ ಮಾಡಿದಳು. "ಕೊಟ್ಟಾಯ್ತಾ?" "ಇನ್ನೂ ಕೊಲ್ಲಂ ಮಾರಾಯ್ತಿ." "ಚೀಲ ಕೈಯಲ್ಲೇ ಹಿಡ್ಕೊಳ್ಳಿ." "ಕಾಲಲ್ಲಿ ಹಿಡ್ಕೊಂಡಿದ್ದೇನೆ."

ಕಚೇರಿಯಲ್ಲಿ ಒಂದೊಂದೇ ಮೇಜು ದಾಟಿ, ನಾನು ಸಹಿ ಹಾಕಿ, ಸಂಶೋಧನಾ ವಿಭಾಗದ ಗುಮಾಸ್ತ ಮೋಹನನ ಮುಂದೆ ಬಂದು ನಿಲ್ಲುವಾಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಮೋಹನ ಪ್ರತಿಗಳನ್ನು ಎಣಿಸಿ ಮೊಹರು ಕೈಗೆತ್ತಿಕೊಂಡ.

"ಒಂದು ನಿಮಿಷ ಸಾರೇ," ಎಂದ ಮಹಾಬಲ. "ಒಂದು ತಿದ್ದುಪಡಿ ಉಂಟು."

ಕಿಸೆಯಿಂದ ಮಡಿಸಿದ ಕಾಗದ ತೆಗೆದು ನನ್ನ ಮುಂದಿಟ್ಟ. ಕಾರ್ಖಾನೆಯ ಪಾಳಿ ಚೀಟಿಯ ಹಿಂಬದಿಯಲ್ಲಿ ಮಲಯಾಳಂ ಬರಹ: ತನ್ನ ಹೆಸರನ್ನು ಈ ಸಾರ್ ತಮ್ಮ ಪುಸ್ತಕದಲ್ಲಿ ಹಾಕಬಹುದು, ತನ್ನ ಅಭ್ಯಂತರವಿಲ್ಲ, ಸಹಿ, ಪಿ. ವಿಜಯಾ. ನಿನ್ನೆಯ ತಾರೀಕು. ಲಿಖಿತ ಒಪ್ಪಿಗೆ ಇದ್ದರೆ ಹೆಸರು ಹಾಕಬಹುದು ಎಂಬುದು ನಿಯಮದಲ್ಲೇ ಇದೆ. ನಾನು ಅದನ್ನು ಅವನಿಗೆ ಹೇಳಿರಲಿಲ್ಲ.

ಮೋಹನ ಮೊಹರು ಕೆಳಗಿಟ್ಟ. "ಈಗ ಇದೆಲ್ಲ ಯಾಕೆ ಸಾರೇ? ಕೈಯಲ್ಲಿ ತಿದ್ದಿದರೆ ಪ್ರತಿ ತಿದ್ದುಪಡಿಗೂ ಟೀಚರ್ ಚಿಕ್ಕ ಸಹಿ ಹಾಕಬೇಕು. ಹಾಕಿದರೂ, ಮುಖ್ಯ ವಿಚಾರ ಬೇರೆಯವರದು ಅಂತ ನೀವೇ ಬರೆದುಕೊಟ್ಟರೆ, ಇದರಲ್ಲಿ ನಿಮ್ಮದೇನು ಅಂತ ಪರೀಕ್ಷಕರು ಕೇಳುತ್ತಾರೆ. ಹೋದ ವರ್ಷ ಇಂಥದ್ದೊಂದು ವಾಪಸ್ ಬಂದಿದೆ. ನಿಮಗೆ ಇನ್ನು ಅವಧಿ ಇಲ್ಲ."

"ಅವನು ಹೇಳೋದು ಸರಿ," ಎಂದೆ ನಾನು. "ಹದಿನೇಳು ಅಂತಿದೆಯಲ್ಲ. ಅಷ್ಟು ಸಾಕು."

"ಸಾಕು ಟೀಚರೇ. ಗೊತ್ತುಂಟು."

ಅವನ ಫೋನ್ ಮೇಜಿನ ಮೇಲೆ ನಡುಗತೊಡಗಿತು. ಸೌದಾಮಿನಿ. ಅವನು ಅದನ್ನು ಮಗುಚಿಟ್ಟ.

ಪರೀಕ್ಷಕರ ವರದಿ ಇನ್ನೂ ಬಂದಿಲ್ಲ. ಏನು ಬರುತ್ತದೋ ಹೇಳಲಾರೆ. ಎರಡನೇ ಅಧ್ಯಾಯದಲ್ಲಿ ತಂತ್ರಾಂಶಕ್ಕೂ ನನಗೂ ಸಿಗದ ಕದ್ದ ವಾಕ್ಯಗಳು ಇನ್ನೂ ಇವೆ ಎಂಬ ಬಗ್ಗೆ ನನಗೆ ಸಂಶಯವಿಲ್ಲ; ಅವುಗಳ ಬಗ್ಗೆ ಅವನು ಆ ದಿನ ಒಂದು ಮಾತೂ ಎತ್ತಲಿಲ್ಲ. ಅವು ದೊಡ್ಡವರವು.

ಅಂದು ಮೋಹನನ ಮೇಜಿನ ಮುಂದೆ ಅವನು ಮೊದಲ ಪ್ರತಿಯ ನೂರ ನಲವತ್ಮೂರನೇ ಪುಟ ತೆರೆದ. ಮೋಹನನ ಪೆನ್ನು ಕೇಳಿ ಪಡೆದು, 'ಉತ್ತರದಾತೆ ಹದಿನೇಳು ಸೂಚಿಸಿದಂತೆ' ಎಂಬುದನ್ನು ಒಂದು ಗೆರೆಯಲ್ಲಿ ಹೊಡೆದು ಹಾಕಿ, ಅಂಚಿನಲ್ಲಿ ಬರೆಯತೊಡಗಿದ: 'ಈ ವಿಚಾರ ಪಿ. ವಿಜಯಾ ಅವರದು. ಅವರು ಕಾಳುಮೆಣಸಿನ ವಿಂಗಡಣೆ ವಿಭಾಗದಲ್ಲಿದ್ದಾರೆ. ಫೆಬ್ರವರಿ ಆರರಂದು ಕ್ಯಾಂಟೀನಿನಲ್ಲಿ ಹೇಳಿದರು. ನಾನು ಇನ್ನೂ ಇಪ್ಪತ್ತಮೂರು ಕಡೆ ಹೋಗಿ ಕೇಳಿದೆ.' ಎರಡನೇ ಪ್ರತಿ, ಮೂರನೇ ಪ್ರತಿ. ಯಾವುದನ್ನೂ ನೋಡಿ ಬರೆಯಲಿಲ್ಲ. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹದಿನಾರು ನಿಮಿಷವಿತ್ತು. ಐದನೆಯದರ ಶಾಯಿ ಎದುರಿನ ಪುಟಕ್ಕೆ ಹತ್ತದಂತೆ ಊದಿ ಊದಿ ಒಣಗಿಸಿ, ಐದೂ ಪುಸ್ತಕಗಳನ್ನು ತೆರೆದ ಹಾಗೆಯೇ ನನ್ನ ಕಡೆ ತಿರುಗಿಸಿಟ್ಟು, ಪೆನ್ನು ಮುಂದೆ ಹಿಡಿದ.